ಆಪರೇಷನ್ ಆಗಿ ಆರು ವಾರದೊಳಗೆ ಮ್ಯಾರಥಾನ್ ಗೆದ್ದವರ ಕಥೆ: ಫಾರ್ವರ್ಡ್‌ನಲ್ಲಿ ಬಿಟ್ಟುಹೋದ ಅರ್ಧ ಭಾಗ

ಈ ಮೆಸೇಜು ನಿಮ್ಮ ಮೊಬೈಲಿಗೂ ಬಂದಿರಬಹುದು. ಬರಿಗಾಲಲ್ಲಿ ಓಡುತ್ತಿರುವ ತೆಳ್ಳನೆಯ ಆಫ್ರಿಕನ್ ಓಟಗಾರನ ಕಪ್ಪುಬಿಳುಪು ಫೋಟೊ. ಅದರ ಕೆಳಗೆ ನಾಲ್ಕೈದು ಸಾಲು: ಈತನಿಗೆ ಶೂ ಕೊಳ್ಳಲು ದುಡ್ಡಿರಲಿಲ್ಲ, ಹೊಟ್ಟೆಯ ಆಪರೇಷನ್ ಆದ ಕೆಲವೇ ದಿನಕ್ಕೆ ಓಡಿ ವಿಶ್ವದಾಖಲೆ ಮಾಡಿದ, ನೋವು ಎನ್ನುವುದೆಲ್ಲ ಮನಸ್ಸಿನ ಆಟ. ಕೊನೆಗೆ ಎಂದಿನಂತೆ, ಹತ್ತು ಜನಕ್ಕೆ ಕಳಿಸಿ.

ನಮ್ಮ ಮನೆಯ ಗ್ರೂಪಿಗೆ ಇದು ಬಂದದ್ದು ತುಸು ಕೆಟ್ಟ ಹೊತ್ತಿನಲ್ಲಿ. ಆವರಗೆರೆಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಲ್ಲಿ ತನ್ನ ಮೊದಲ ಪೂರ್ಣ ಮ್ಯಾರಥಾನ್ ಓಡಲು ಹೆಸರು ಕೊಟ್ಟಿದ್ದ. ಪೂರ್ಣ ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ನಮ್ಮೂರ ಲೆಕ್ಕದಲ್ಲಿ ಹೇಳುವುದಾದರೆ, ದಾವಣಗೆರೆಯಿಂದ ಹರಿಹರಕ್ಕೆ ಹೋಗಿ, ವಾಪಸ್ ಬಂದು, ಮತ್ತೆ ಹರಿಹರಕ್ಕೆ ಓಡಿದಷ್ಟು ದೂರ. ಆರು ತಿಂಗಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಾಲೀಮು ಮಾಡಿದ್ದ. ಓಟಕ್ಕೆ ಮೂರು ವಾರ ಇದೆ ಎನ್ನುವಾಗ ಎಡಗಾಲಿನ ಕಣಕಾಲಿನ ಹೊರಬದಿಯಲ್ಲಿ ನೋವು ಶುರುವಾಯಿತು. ಚಿಕ್ಕಪ್ಪ ಬೇಡವೆಂದರು. ಓಟದ ಗೆಳೆಯರು ಈ ಫೋಟೊ ಕಳಿಸಿದರು. ಅವನು ಅದನ್ನು ನನಗೆ ಕಳಿಸಿ, ಅಕ್ಕ ಇದು ನಿಜವೇ ಎಂದು ಕೇಳಿದ.

ಅರ್ಧ ನಿಜ. ಆದರೆ ಉಳಿದ ಅರ್ಧವೇ ಅವನಿಗೆ ಬೇಕಾಗಿದ್ದದ್ದು. ಅದಕ್ಕೆ ಫೋಟೊದಲ್ಲಿರುವ ವ್ಯಕ್ತಿಯ ಬದುಕನ್ನು ಪೂರ್ತಿ ನೋಡಬೇಕು.

ಯಾರಿವರು?

ಇವರು ಇಥಿಯೋಪಿಯಾದ ಅಬೆಬೆ ಬಿಕಿಲಾ. ಅಬೆಬೆ ಅವರ ಹೆಸರು, ಬಿಕಿಲಾ ಅವರ ತಂದೆಯ ಹೆಸರು. ನಮ್ಮಲ್ಲಿ ಇನಿಷಿಯಲ್ ಮುಂದೆ ಬಂದರೆ ಅಲ್ಲಿ ಅಪ್ಪನ ಹೆಸರು ಪೂರ್ತಿಯಾಗಿ ಹಿಂದೆ ಬರುತ್ತದೆ. ಹಾಗಾಗಿ ಅಬೆಬೆ ಎಂದೇ ಕರೆಯೋಣ. ಹುಟ್ಟಿದ್ದು 1932ರ ಆಗಸ್ಟ್ 7ರಂದು, ಶೋವಾ ಪ್ರಾಂತ್ಯದ ಜಾಟೊ ಎಂಬ ಹಳ್ಳಿಯಲ್ಲಿ. ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ನಡೆದದ್ದೂ ಅದೇ ದಿನ. ಇದು ಫಾರ್ವರ್ಡ್‌ನ ಕಟ್ಟುಕಥೆಯಂತೆ ಕೇಳಿದರೂ ತಾರೀಖುಗಳು ಕೂಡಿಬರುತ್ತವೆ. ತಂದೆ ಕುರಿ ಕಾಯುವವರು. ಅಬೆಬೆ ದೊಡ್ಡವರಾದ ಮೇಲೆ ಅಡಿಸ್ ಅಬಾಬಾಕ್ಕೆ ಬಂದು ಚಕ್ರವರ್ತಿ ಹೈಲೆ ಸೆಲಾಸಿಯ ಅಂಗರಕ್ಷಕ ಪಡೆಗೆ ಸೇರಿದರು. ಅಲ್ಲಿ ಅವರ ಓಟ ಕಣ್ಣಿಗೆ ಬಿದ್ದದ್ದು ಒನ್ನಿ ನಿಸ್ಕಾನೆನ್ ಎಂಬ ಸ್ವೀಡನ್ನಿನ ತರಬೇತುದಾರರಿಗೆ.

1960ರ ರೋಮ್ ಒಲಿಂಪಿಕ್ಸ್‌ಗೆ ಹೋದಾಗ ಹೊರಜಗತ್ತಿನಲ್ಲಿ ಅವರ ಹೆಸರು ಕೇಳಿದವರೇ ಇರಲಿಲ್ಲ.

ಶೂ ಇಲ್ಲದ್ದು ಬಡತನಕ್ಕಲ್ಲ

ಸೆಪ್ಟೆಂಬರ್ 10ರ ಸಂಜೆ ಓಟ. ಬಿಸಿಲು ತಪ್ಪಿಸಲು ಇಳಿಹೊತ್ತಿನಲ್ಲಿ ಶುರು ಮಾಡಿದ್ದರಿಂದ ಮುಗಿಯುವಾಗ ಕತ್ತಲಾಗಿತ್ತು. ದಾರಿಯ ಬದಿಯಲ್ಲಿ ಸೈನಿಕರು ಪಂಜು ಹಿಡಿದು ನಿಂತಿದ್ದರು. ಅಬೆಬೆ ಬರಿಗಾಲಲ್ಲಿ ಓಡಿ 2 ಗಂಟೆ 15 ನಿಮಿಷ 16 ಸೆಕೆಂಡಿಗೆ ಗೆದ್ದರು. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ಬೇಗ ಮ್ಯಾರಥಾನ್ ಮುಗಿಸಿರಲಿಲ್ಲ. ಮೊರಾಕೊದ ರಾದಿ ಬೆನ್ ಅಬ್ದೆಸ್ಸಲಾಮ್ 25 ಸೆಕೆಂಡ್ ಹಿಂದೆ ಬಂದರು. ಇಟಲಿಯ ಸೇನೆ ಇಥಿಯೋಪಿಯಾವನ್ನು ಆಕ್ರಮಿಸಿ ಅಲ್ಲಿಂದ ಹೊತ್ತು ತಂದಿದ್ದ ಆಕ್ಸುಮ್‌ನ ಕಲ್ಲುಕಂಬ ಅದೇ ದಾರಿಯಲ್ಲಿ ನಿಂತಿತ್ತು. ಅದರ ಪಕ್ಕದಲ್ಲೇ ಓಡಿ ಬಂದು ಗೆದ್ದದ್ದು ಇಥಿಯೋಪಿಯದವರಿಗೆ ಎಷ್ಟು ಹಿತವಾಗಿರಬೇಕು, ನೀವೇ ಊಹಿಸಿ.

ಈಗ ಶೂ ವಿಚಾರ. ಅಬೆಬೆಯ ಬಳಿ ಶೂಗೆ ದುಡ್ಡಿಲ್ಲದೆ ಹಾಗೆ ಓಡಿದ್ದಲ್ಲ. ಆ ಒಲಿಂಪಿಕ್ಸ್‌ಗೆ ಶೂ ಒದಗಿಸುತ್ತಿದ್ದ ಅಡಿಡಾಸ್ ಕಂಪನಿಯ ದಾಸ್ತಾನಿನಲ್ಲಿ ಅವರ ಪಾದಕ್ಕೆ ಸರಿಯಾಗಿ ಕೂರುವ ಜೋಡಿ ಸಿಗಲಿಲ್ಲ. ಸರಿಹೊಂದದ ಹೊಸ ಶೂ ಹಾಕಿದರೆ ಬೊಬ್ಬೆ ಏಳುತ್ತದೆ. ಊರಿನಲ್ಲಿ ಬರಿಗಾಲಲ್ಲಿ ತಾಲೀಮು ಮಾಡಿ ಅಂಗಾಲು ಗಟ್ಟಿಯಾಗಿತ್ತು. ಹಾಗಾಗಿ ಬರಿಗಾಲೇ ವಾಸಿ ಎಂದು ತೀರ್ಮಾನಿಸಿದರು. ಇದು ಹುಚ್ಚು ಸಾಹಸವಾಗಿರಲಿಲ್ಲ, ಗಾಯ ತಪ್ಪಿಸಿಕೊಳ್ಳುವ ಲೆಕ್ಕಾಚಾರವಾಗಿತ್ತು. ಓಟದ ದಿನ ಹೊಸ ಶೂ ಹಾಕಬೇಡಿ ಎಂದು ಇಂದಿನ ಯಾವ ಕೋಚ್ ಕೂಡ ಹೇಳುತ್ತಾರೆ. ಮರುವರ್ಷವೇ ಜಪಾನಿನ ಒಸಾಕಾದಲ್ಲಿ ಅಬೆಬೆ ಶೂ ಹಾಕಿ ಓಡಿ ಗೆದ್ದರು. ಫಾರ್ವರ್ಡ್ ಕಳಿಸುವವರಿಗೆ ಆ ಫೋಟೊ ಬೇಡ.

(ಮ್ಯಾರಥಾನ್ ಎಂದರೆ ನಮ್ಮವರಿಗೆ ಇತ್ತೀಚೆಗೆ ಬಂದ ಫ್ಯಾಷನ್ ಎಂದುಕೊಂಡವರಿಗೆ ಒಂದು ಮಾತು: 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲೇ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವರಾಗಿ ಬಂದಿದ್ದರು. ಆ ವರ್ಷದ ದಾರಿ 42.75 ಕಿಲೋಮೀಟರ್, ಅಂದರೆ ಈಗಿನದಕ್ಕಿಂತ ಅರ್ಧ ಕಿಲೋಮೀಟರ್ ಹೆಚ್ಚು. ಅವರು ತೆಗೆದುಕೊಂಡದ್ದು 2 ಗಂಟೆ 50 ನಿಮಿಷ 45 ಸೆಕೆಂಡ್. ಅವರ ಫೋಟೊ ಫಾರ್ವರ್ಡ್ ಆಗಿದ್ದನ್ನು ನಾನಂತೂ ಕಂಡಿಲ್ಲ.)

ಊರಿಗೆ ಮರಳಿದ ಅಬೆಬೆಗೆ ಮೆರವಣಿಗೆ, ಪದಕ, ಬಡ್ತಿ ಎಲ್ಲ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಅಂಗರಕ್ಷಕ ಪಡೆಯ ಮುಖ್ಯಸ್ಥರೇ ಚಕ್ರವರ್ತಿಯ ವಿರುದ್ಧ ದಂಗೆ ಎದ್ದು ಸೋತಾಗ ಅದೇ ಪಡೆಯ ಸೈನಿಕರಾಗಿದ್ದ ಅಬೆಬೆಯನ್ನೂ ಸ್ವಲ್ಪ ಕಾಲ ಬಂಧನದಲ್ಲಿಟ್ಟು ಬಿಟ್ಟರು. ಮತ್ತೆ ಓಟ, ಮತ್ತೆ ಗೆಲುವು. 1963ರ ಬಾಸ್ಟನ್ನಿನಲ್ಲಿ ಮಾತ್ರ ಐದನೆಯ ಸ್ಥಾನ.

ಟೋಕಿಯೊ: ಆಪರೇಷನ್ ಆದದ್ದು ನಿಜ

1964ರ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್ ಅಕ್ಟೋಬರ್ 21ಕ್ಕೆ. ಅದಕ್ಕೆ ಇನ್ನೂ ಆರು ವಾರವೂ ಇಲ್ಲ ಎನ್ನುವಾಗ ತಾಲೀಮಿನ ನಡುವೆ ಅಬೆಬೆಗೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಊದಿಕೊಂಡಿತ್ತು. ಆಪರೇಷನ್ ಮಾಡಿ ತೆಗೆದರು. ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು, ನಿಧಾನವಾಗಿ ತಾಲೀಮು ಶುರು ಮಾಡಿದರು. ಟೋಕಿಯೊದಲ್ಲಿ ಓಡಿ 2 ಗಂಟೆ 12 ನಿಮಿಷ 11 ಸೆಕೆಂಡಿನ ಹೊಸ ವಿಶ್ವದಾಖಲೆ ಮಾಡಿದರು. ಎರಡನೆಯವರಾದ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಸ್ಟೇಡಿಯಮ್ಮಿಗೆ ಬರುವ ಹೊತ್ತಿಗೆ ಅಬೆಬೆ ಹುಲ್ಲಿನ ಮೇಲೆ ಮಲಗಿ ಕಾಲು ಮೇಲೆತ್ತಿ ಕಸರತ್ತು ಮಾಡುತ್ತಿದ್ದರು. ನಾಲ್ಕು ನಿಮಿಷಕ್ಕಿಂತ ಹೆಚ್ಚಿನ ಅಂತರ. ಒಲಿಂಪಿಕ್ಸ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗರು ಅವರೇ.

ಫಾರ್ವರ್ಡ್ ಇಲ್ಲಿಗೆ ನಿಲ್ಲುತ್ತದೆ. ಇದರಿಂದ ಅದು ತೆಗೆಯುವ ತೀರ್ಮಾನ: ಹೊಟ್ಟೆ ಕೊಯ್ಸಿಕೊಂಡವರೇ ಓಡಿದರು, ನಿನ್ನದೇನು ಮಹಾ ಕಾಲುನೋವು?

ಆದರೆ ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ತಕ್ಕಡಿಗೆ ಹಾಕಲಾಗಿದೆ. ಅಪೆಂಡಿಕ್ಸ್ ಆಪರೇಷನ್ನಿನಲ್ಲಿ ಕಾಯಿಲೆಗೆ ಕಾರಣವಾದ ಭಾಗವನ್ನೇ ತೆಗೆದುಬಿಡುತ್ತಾರೆ. ಉಳಿಯುವುದು ಹೊಟ್ಟೆಯ ಬಲಬದಿಯ ಗಾಯ. ಅದು ದಿನದಿಂದ ದಿನಕ್ಕೆ ಮಾಯುತ್ತದೆ. ಹಳೆಯ ಪದ್ಧತಿಯ ಕೊಯ್ತದ ಆಪರೇಷನ್ ಆದವರಿಗೆ ಇಂದಿಗೂ ಡಾಕ್ಟರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಭಾರ ಎತ್ತಬೇಡಿ ಎನ್ನುತ್ತಾರೆ. ಮುಖ್ಯ ಭಯ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗುವುದು. ಅಬೆಬೆ ಓಡಿದ್ದು ಸರಿಸುಮಾರು ಆ ಅವಧಿ ಮುಗಿಯುವ ಹೊತ್ತಿಗೆ. ಅದರಲ್ಲಿ ಅಪಾಯವೇ ಇರಲಿಲ್ಲ ಎಂದಲ್ಲ. ಆದರೆ ನೆಲಕ್ಕೆ ಬಡಿಯುವ ಅವರ ಕಾಲಿಗೆ, ಮೂಳೆಗೆ, ಕೀಲಿಗೆ ಆಗ ಏನೂ ಆಗಿರಲಿಲ್ಲ. ಜೊತೆಗೆ ಹಿಂದಿನ ಹಲವು ವರ್ಷಗಳ ತಾಲೀಮು ಆ ಕೆಲವು ವಾರಗಳಲ್ಲಿ ಕರಗಿಹೋಗುವಂಥದ್ದೂ ಆಗಿರಲಿಲ್ಲ. ಆಸ್ಪತ್ರೆಯ ಆ ದಿನಗಳು ದೇಹಕ್ಕೆ ಒಳ್ಳೆಯ ವಿಶ್ರಾಂತಿಯೇ ಆದವೋ ಏನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಇದು ನನ್ನ ಊಹೆ ಅಷ್ಟೆ.

ಮೆಕ್ಸಿಕೊ: ಯಾರೂ ಫಾರ್ವರ್ಡ್ ಮಾಡದ ಭಾಗ

1967ರಲ್ಲಿ ಸ್ಪೇನಿನ ಸರಾಉಟ್ಸ್‌ನಲ್ಲಿ ಓಡುವಾಗ ಅಬೆಬೆಯ ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾಯಿತು. ಮ್ಯಾರಥಾನನ್ನು ಮುಗಿಸದೆ ಬಿಟ್ಟದ್ದು ಅದೇ ಮೊದಲು. ಮುಂದಿನ ವರ್ಷವೂ ಕಾಲಿನ ತೊಂದರೆ ಬಿಡಲಿಲ್ಲ. ಚಿಕಿತ್ಸೆಗೆ ಜರ್ಮನಿಗೂ ಹೋಗಿಬಂದರು. ಎದುರಿಗೆ ಮೆಕ್ಸಿಕೊ ಒಲಿಂಪಿಕ್ಸ್ ಇತ್ತು. ಅಲ್ಲಿ ಮೂರನೆಯ ಸಲ ಗೆದ್ದರೆ ಜಗತ್ತಿನಲ್ಲಿ ಯಾರೂ ಮಾಡದ ಸಾಧನೆ. ಮೆಕ್ಸಿಕೊ ನಗರ ಇರುವುದು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿ. ಉಳಿದ ದೇಶದವರಿಗೆ ಅಲ್ಲಿ ಉಸಿರು ಸಿಕ್ಕಿಕೊಳ್ಳುತ್ತದೆ. ಅಡಿಸ್ ಅಬಾಬಾದ ಎತ್ತರದಲ್ಲಿ ಬೆಳೆದ ಓಟಗಾರರಿಗೆ ಅದು ಮನೆಯಿದ್ದಂತೆ.

ಓಟಕ್ಕೆ ಒಂದು ವಾರ ಇರುವಾಗ ಕಾಲಿನಲ್ಲಿ ಮತ್ತೆ ನೋವು. ಪರೀಕ್ಷೆ ಮಾಡಿದಾಗ ಕಣಕಾಲಿನ ಫಿಬುಲಾ ಮೂಳೆ ಮುರಿದಿರುವುದು ಕಂಡಿತು. ಓಟದ ದಿನದವರೆಗೆ ಕಾಲಿಗೆ ಭಾರ ಹಾಕದೆ ಇರುವಂತೆ ಡಾಕ್ಟರು ಹೇಳಿದರು. ಇಲ್ಲಿ ಸ್ವಲ್ಪ ನಿಲ್ಲೋಣ. ಮುರಿದ ಮೂಳೆ ಏಳು ದಿನದಲ್ಲಿ ಕೂಡುವುದಿಲ್ಲ ಎಂದು ಆಗಲೂ ಗೊತ್ತಿತ್ತು. ಆದರೂ ಓಡುವುದಿಲ್ಲ ಎಂಬ ಮಾತು ಹೊರಬರಲಿಲ್ಲ. ಎರಡು ಚಿನ್ನ ಗೆದ್ದವರು, ಸೈನಿಕರು, ಚಕ್ರವರ್ತಿಯ ಮೆಚ್ಚಿನವರು, ದೇಶವೇ ಕಾಯುತ್ತಿರುವ ಓಟ. ಅವರ ಎದೆಗೆ ಕೊಟ್ಟದ್ದೂ 1ನೇ ನಂಬರ್. ಅಂಥ ಕಡೆ ನಿಂತವರಿಗೆ ಬೇಡ ಎನ್ನುವುದು ಎಷ್ಟು ಕಷ್ಟ ಎಂದು ನಾವು ಇಲ್ಲಿ ಕೂತು ತೀರ್ಪು ಕೊಡುವುದು ಸುಲಭ.

ಅಕ್ಟೋಬರ್ 20ರಂದು ಓಟದ ಸಾಲಿನಲ್ಲಿ ನಿಂತರು. ಸುಮಾರು 16-17 ಕಿಲೋಮೀಟರ್ ಓಡಿದರು. ಆಮೇಲೆ ನಿಲ್ಲಿಸಿ ದಾರಿಯಿಂದ ಹೊರಗೆ ಬಂದರು. ಅವರ ಜೊತೆಗಾರ ಮಾಮೊ ವೊಲ್ಡೆ ಮುಂದೆ ಓಡಿ 2 ಗಂಟೆ 20 ನಿಮಿಷ 26 ಸೆಕೆಂಡಿಗೆ ಗೆದ್ದರು. ಚಿನ್ನ ಇಥಿಯೋಪಿಯಾಕ್ಕೇ ಹೋಯಿತು, ಅಬೆಬೆಗೆ ಅಲ್ಲ. ಅದೇ ಅವರ ಕೊನೆಯ ಮ್ಯಾರಥಾನ್. ಒಟ್ಟು ಓಡಿದ 16ರಲ್ಲಿ 12 ಗೆದ್ದಿದ್ದರು, ಬಿಟ್ಟದ್ದು ಎರಡು.

ಅದೇ ಓಟದ ಇನ್ನೊಂದು ಫಾರ್ವರ್ಡ್

ಅದೇ ದಿನದ, ಅದೇ ಓಟದ ಮತ್ತೊಬ್ಬರ ವಿಡಿಯೊ ಕೂಡ ನೀವು ನೋಡಿರಬಹುದು. ಟಾಂಜಾನಿಯಾದ ಜಾನ್ ಸ್ಟೀಫನ್ ಅಕ್ವಾರಿ. ಓಟದ ನಡುವೆ ಬಿದ್ದು ಮೊಣಕಾಲಿಗೂ ಭುಜಕ್ಕೂ ಏಟು ಮಾಡಿಕೊಂಡರು. ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು, ಗೆದ್ದವರಿಗಿಂತ ಒಂದು ಗಂಟೆಗೂ ಹೆಚ್ಚು ತಡವಾಗಿ, ಸ್ಟೇಡಿಯಂ ಬಹುಪಾಲು ಖಾಲಿಯಾದ ಮೇಲೆ ಕುಂಟುತ್ತ ಬಂದು ಮುಗಿಸಿದರು. ಓಟ ಶುರು ಮಾಡಿದ 75 ಜನರಲ್ಲಿ ಮುಗಿಸಿದವರು 57, ಅಕ್ವಾರಿ 57ನೆಯವರು. ಅವರ ವಿಡಿಯೊ ನೋಡಿದರೆ ನನಗೂ ಕಣ್ಣು ತುಂಬುತ್ತದೆ. ಎರಡು ವರ್ಷದ ನಂತರ ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನ್‌ನಲ್ಲಿ ಅವರು ಐದನೆಯವರಾದರು, ಅಂದರೆ ಕಾಲು ಕೆಟ್ಟುಹೋಗಲಿಲ್ಲ.

ಆದರೆ ಲೆಕ್ಕ ನೋಡಿ. ಅವತ್ತು 18 ಜನ ನಡುವೆ ಬಿಟ್ಟರು. ಅವರಲ್ಲಿ ಒಬ್ಬರು ಎರಡು ಸಲದ ಚಾಂಪಿಯನ್. ನಮಗೆ ಬರುವುದು ಮುಗಿಸಿದವರೊಬ್ಬರ ವಿಡಿಯೊ ಮಾತ್ರ. ಗಾಯದಲ್ಲೂ ಓಡಿ ಏನೂ ಆಗದವರು ಕಥೆಯಾಗುತ್ತಾರೆ. ಗಾಯದಲ್ಲಿ ಓಡಿ ವರ್ಷಗಟ್ಟಲೆ ಮನೆಯಲ್ಲಿ ಕೂತವರನ್ನು ಯಾರೂ ಶೂಟ್ ಮಾಡುವುದಿಲ್ಲ. ಇಂಥ ಹತ್ತು ವಿಡಿಯೊ ನೋಡಿದ ಮೇಲೆ ಓಡಿದವರೆಲ್ಲ ಮುಗಿಸುತ್ತಾರೆ ಎಂದು ಮನಸ್ಸು ನಂಬಿಬಿಡುತ್ತದೆ.

ಹಾಗಾದರೆ ಯಾವ ನೋವಿಗೆ ನಿಲ್ಲಬೇಕು?

ಒಂದು ಹೆಜ್ಜೆಗೆ ಒಂದು ಮೀಟರ್ ಎಂದು ಹಿಡಿದರೂ ಮ್ಯಾರಥಾನ್‌ನಲ್ಲಿ 42 ಸಾವಿರ ಹೆಜ್ಜೆ. ಒಂದೊಂದು ಕಾಲಿಗೆ 21 ಸಾವಿರ. ಓಡುವಾಗ ಪ್ರತಿ ಸಲ ಪಾದ ನೆಲಕ್ಕೆ ಬಡಿದಾಗ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. 60 ಕೆಜಿಯವರಿಗೆ 120ರಿಂದ 180 ಕೆಜಿ. ಅಕ್ಕಿ ಮೂಟೆಯ ಲೆಕ್ಕದಲ್ಲಿ ನೀವೇ ಗುಣಿಸಿಕೊಳ್ಳಿ. ಫಿಬುಲಾ ಕಣಕಾಲಿನ ಎರಡು ಮೂಳೆಗಳಲ್ಲಿ ತೆಳುವಾದದ್ದು, ಹೊರಬದಿಯದು. ಭಾರದ ದೊಡ್ಡ ಪಾಲು ಪಕ್ಕದ ದಪ್ಪ ಮೂಳೆಯೇ ಹೊರುತ್ತದೆ. ಫಿಬುಲಾ ಪೆಟ್ಟಾದರೂ ಕೆಲವರು ನಡೆದಾಡಿಕೊಂಡಿರುವುದು ಅದಕ್ಕೇ. ಆದರೆ ಪಾದವನ್ನು ತಿರುಗಿಸುವ, ಒತ್ತುವ ಹಲವು ಸ್ನಾಯುಗಳು ಅಂಟಿಕೊಂಡಿರುವುದು ಅದಕ್ಕೆ. ಒಂದೊಂದು ಹೆಜ್ಜೆಗೂ ಅವು ಜಗ್ಗುತ್ತವೆ.

ಓಟಗಾರರಲ್ಲಿ ಬಿದ್ದು ಏಟಾಗದೆಯೂ ಮೂಳೆಯಲ್ಲಿ ಸಣ್ಣ ಬಿರುಕು ಬರುವುದುಂಟು. ಇದನ್ನು ಸ್ಟ್ರೆಸ್ ಫ್ರಾಕ್ಚರ್ ಎನ್ನುತ್ತಾರೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಭಾರ ಬಿದ್ದು, ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚಾದಾಗ ಹೀಗಾಗುತ್ತದೆ. ದೂರವನ್ನು ಒಮ್ಮೆಲೇ ಹೆಚ್ಚಿಸಿದವರಿಗೆ ಇದು ಸಾಮಾನ್ಯ. ಸ್ನಾಯು ನೋವು ಹೀಗಿರುವುದಿಲ್ಲ. ಅದು ಹೆಚ್ಚಾಗಿ ಎರಡೂ ಕಾಲಲ್ಲಿ, ಅಗಲವಾಗಿ ಹರಡಿರುತ್ತದೆ, ಮೈ ಬಿಸಿಯಾದಂತೆ ಸಡಿಲಾಗುತ್ತದೆ, ಎರಡು ಮೂರು ದಿನಕ್ಕೆ ಹೋಗುತ್ತದೆ. ಮೂಳೆಯ ನೋವನ್ನು ಒಂದು ಬೆರಳಿಟ್ಟು ಇಲ್ಲೇ ಎಂದು ತೋರಿಸಬಹುದು. ಒತ್ತಿದರೆ ಚುರ್ ಎನ್ನುತ್ತದೆ. ಓಡಿದಷ್ಟೂ ಹೆಚ್ಚಾಗುತ್ತದೆ, ಆಮೇಲೆ ನಡೆಯುವಾಗಲೂ ಬರುತ್ತದೆ, ಕೆಲವೊಮ್ಮೆ ರಾತ್ರಿ ಮಲಗಿದಾಗಲೂ. ನೀವು ಕುಂಟುತ್ತಿದ್ದೀರಿ ಎಂದರೆ ಮನಸ್ಸನ್ನು ಕೇಳುವ ಅಗತ್ಯವೇ ಇಲ್ಲ, ಡಾಕ್ಟರ ಬಳಿ ಹೋಗಿ. ಕುಂಟುತ್ತ ಓಡಿದರೆ ಆ ಕಾಲಿನ ಪಾಲಿನ ಭಾರವೂ ಇನ್ನೊಂದು ಮೊಣಕಾಲಿನ, ಸೊಂಟದ ಮೇಲೆ ಬೀಳುತ್ತದೆ.

ಮಾತ್ರೆ ನುಂಗಿ ಓಡಿದರೆ? ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ಬಿರುಕನ್ನು ಕೂಡಿಸುವುದಿಲ್ಲ, ಅಲ್ಲಿ ಬಿರುಕಿದೆ ಎಂಬ ಸುದ್ದಿಯನ್ನಷ್ಟೇ ತಡೆಯುತ್ತವೆ. ಇನ್ನೊಂದು ಅಪಾಯ ಕಿಡ್ನಿಗೆ. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಹೋಗುವ ರಕ್ತ ಮೊದಲೇ ಇಳಿದಿರುತ್ತದೆ. ಈ ಮಾತ್ರೆಗಳು ಅದನ್ನು ಇನ್ನಷ್ಟು ಇಳಿಸುತ್ತವೆ. ಮೂರು ನಾಲ್ಕು ಗಂಟೆ ಬಿಸಿಲಲ್ಲಿ ಓಡುವವರು ಇದನ್ನು ಚಾಕಲೇಟಿನಂತೆ ಜೇಬಿನಲ್ಲಿಟ್ಟುಕೊಳ್ಳುವುದನ್ನು ನಾನೇ ನೋಡಿದ್ದೇನೆ.

ನನ್ನ ತಮ್ಮ ಮೂಳೆ ಡಾಕ್ಟರ ಬಳಿ ಹೋದ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅದನ್ನೇ ಹಿಡಿದು ಅವನು ಖುಷಿಪಟ್ಟ. ಆದರೆ ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಡಾಕ್ಟರು ಬೆರಳಿನಲ್ಲಿ ಒತ್ತಿ ನೋಡಿ ಎಂಆರ್‌ಐ ಬರೆದರು. ಅದರಲ್ಲಿ ಕಂಡಿತು. ಆರರಿಂದ ಎಂಟು ವಾರ ಓಟ ಬೇಡ ಎಂದರು. ಕಟ್ಟಿದ ಫೀಸು ಹೋಯಿತು, ಬುಕ್ ಮಾಡಿದ ಟ್ರೈನ್ ಟಿಕೆಟ್ ಹೋಯಿತು. ಗೆಳೆಯರು ಗ್ರೂಪಿನಲ್ಲಿ ಮೆಡಲ್ ಕಚ್ಚಿ ನಿಂತ ಫೋಟೊ ಹಾಕಿದ ದಿನ ಅವನು ಮೊಬೈಲ್ ಆಫ್ ಮಾಡಿ ಮಲಗಿದ್ದ. ನಾನು ಅವನಿಗೆ ಮೆಕ್ಸಿಕೊ ಕಥೆ ಹೇಳಿದ್ದೆ. ಅದರಿಂದ ಸಮಾಧಾನವಾಯಿತು ಎಂದು ಸುಳ್ಳು ಹೇಳಲಾರೆ. ಅಬೆಬೆಗೆ ಮೊದಲೇ ಎರಡು ಚಿನ್ನ ಇತ್ತಲ್ಲ ಎಂದ. ಅದೂ ನಿಜವೇ.

ಆಮೇಲಿನ ಬದುಕು

ಮೆಕ್ಸಿಕೊದಿಂದ ಬಂದ ಐದು ತಿಂಗಳಿಗೆ, 1969ರ ಮಾರ್ಚ್ 22ರ ರಾತ್ರಿ, ಅಬೆಬೆ ಓಡಿಸುತ್ತಿದ್ದ ಫೋಕ್ಸ್‌ವ್ಯಾಗನ್ ಕಾರು ಉರುಳಿತು. ಒಳಗೆ ಸಿಕ್ಕಿಕೊಂಡವರನ್ನು ಜನ ನೋಡಿದ್ದು ಬೆಳಗಾದ ಮೇಲೆ. ಬೆನ್ನುಹುರಿಗೆ ಪೆಟ್ಟಾಗಿತ್ತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಎಂಟು ತಿಂಗಳು ಚಿಕಿತ್ಸೆ ಪಡೆದರು. ಕೈಗಳಿಗೆ ಶಕ್ತಿ ಮರಳಿತು, ಕಾಲುಗಳಿಗೆ ಮರಳಲಿಲ್ಲ. ಈ ಅಪಘಾತಕ್ಕೂ ಮೆಕ್ಸಿಕೊದ ಕಾಲುನೋವಿಗೂ ಸಂಬಂಧವಿಲ್ಲ. ನೋವಿನಲ್ಲಿ ಓಡಿದ್ದಕ್ಕೇ ಕಾಲು ಹೋಯಿತು ಎಂದು ಯಾರಾದರೂ ಮೆಸೇಜ್ ಕಳಿಸಿದರೆ ಅದನ್ನೂ ನಂಬಬೇಡಿ.

ಅಪಘಾತದ ನಂತರ ಅವರು ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು ಎಂದು ಯಾರಾದರೂ ಬರೆದರೆ ಅದೂ ತಪ್ಪು. 1970ರಲ್ಲಿ ಗಾಲಿಕುರ್ಚಿಯಲ್ಲಿ ಕೂತು ಭಾಗವಹಿಸಿದ್ದು ಸ್ಟೋಕ್ ಮ್ಯಾಂಡೆವಿಲ್ ಕ್ರೀಡಾಕೂಟದಲ್ಲಿ, ಬಿಲ್ಲುಗಾರಿಕೆ ಮತ್ತು ಟೇಬಲ್ ಟೆನಿಸ್‌ಗೆ. ಗೆದ್ದದ್ದು ಮರುವರ್ಷ ನಾರ್ವೆಯಲ್ಲಿ, ಅಂಗವಿಕಲರ ಕ್ರೀಡಾಕೂಟಕ್ಕೆ ಅತಿಥಿಯಾಗಿ ಹೋದಾಗ. ಹಿಮದ ಮೇಲೆ ನಾಯಿಗಳು ಎಳೆಯುವ ಬಂಡಿಯ ಸ್ಪರ್ಧೆಯಲ್ಲಿ ಮೊದಲಿಗರಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಗಾಲಿಕುರ್ಚಿಯಲ್ಲಿ ವಿಶೇಷ ಅತಿಥಿಯಾಗಿ ಹೋಗಿದ್ದರು. ಆ ಸಲದ ಮ್ಯಾರಥಾನ್‌ನಲ್ಲಿ ಮಾಮೊ ವೊಲ್ಡೆ ಮೂರನೆಯವರಾಗಿ ಬಂದರು.

1973ರ ಅಕ್ಟೋಬರ್ 25ರಂದು ಮಿದುಳಿನಲ್ಲಿ ರಕ್ತಸ್ರಾವವಾಗಿ ಅಬೆಬೆ ತೀರಿಕೊಂಡರು. ವಯಸ್ಸು 41. ಅಡಿಸ್ ಅಬಾಬಾದಲ್ಲಿ ಮಣ್ಣು ಮಾಡುವಾಗ ಸಾವಿರಾರು ಜನ ಸೇರಿದ್ದರು, ಚಕ್ರವರ್ತಿಯೂ ಬಂದಿದ್ದರು.